ಮುದ್ದೆಯೂ ಮಾತ್ರೆಯೂ

ಗಂಡಸಿಗೆ ಅರವತ್ತು ತುಂಬಿತೆಂದರೆ ಮನೆಯಲ್ಲಿ ಶಾಂತಿ ಮಾಡಿಸುವುದು ಹಿಂದಿನಿಂದ ನಡೆದು ಬಂದ ವಾಡಿಕೆ. ಈಗ ಶಾಂತಿಯ ಹಿಂದೆಯೇ ಡಬ್ಬಗಳೂ ಮನೆ ಹೊಗುತ್ತವೆ. ಬೆಂಗಳೂರಿನ ಮಗ ತಂದ ಪ್ರೋಟೀನ್ ಪುಡಿ, ಅಮೆರಿಕದ ಅಳಿಯ ಕಳುಹಿಸಿದ ಮೀನೆಣ್ಣೆಯ ಗುಳಿಗೆ, ನೆರೆಮನೆಯವರು ಹೊಗಳಿದ ಲೇಹ್ಯ, ಜಾಹೀರಾತಿನಲ್ಲಿ ಕಂಡ ‘ಶಕ್ತಿವರ್ಧಕ’, ಇವೆಲ್ಲ ಒಂದೊಂದಾಗಿ ಸೇರಿ ಊಟದ ಮೇಜಿನ ಮೂಲೆಯಲ್ಲಿ ಸಣ್ಣದೊಂದು ಔಷಧದಂಗಡಿಯೇ ತೆರೆದುಕೊಳ್ಳುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಿಂದ ಬಂದು ಮೈಸೂರಿನ ಬಡಾವಣೆಗಳಲ್ಲಿ ನೆಲಸಿದ ಕುಟುಂಬಗಳಲ್ಲಿ ಈ ನೋಟ ಇನ್ನಷ್ಟು ವಿಚಿತ್ರವಾಗಿ ತೋರುತ್ತದೆ. ಡಬ್ಬದ ಮೇಲೆ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುವ ಸತ್ವಗಳಲ್ಲಿ ಹಲವು, ಆ ಮನೆಯ ಹಿರಿಯರು ಊರಿನಲ್ಲಿದ್ದಾಗ ದಿನವೂ ಉಣ್ಣುತ್ತಿದ್ದ ತಟ್ಟೆಯಲ್ಲಿಯೇ ಇದ್ದುವು.

ಈ ನಾಲ್ಕು ತಾಲ್ಲೂಕುಗಳ ಊಟ ಒಂದೇ ಬಗೆಯದಲ್ಲ. ಹಿಂದೆ ಎಡತೊರೆಯೆನಿಸಿದ್ದ ಕೃಷ್ಣರಾಜನಗರದ ಸೀಮೆ ಕಾವೇರಿಯ ನಾಲೆಗಳ ನೀರುಂಡು ಬತ್ತ ಬೆಳೆಯುವ ನಾಡು. ಅಲ್ಲಿ ಅನ್ನಕ್ಕೆ ಮೊದಲ ಮಣೆ. ಉಳಿದ ಮೂರು ಕಡೆ ಮಳೆಯನ್ನು ನಂಬಿದ ಕೆಂಪು ಹೊಲಗಳಲ್ಲಿ ರಾಗಿ, ಅವರೆ, ಹುರುಳಿಗಳು ಬಹುಕಾಲದ ಬೆಳೆಗಳು. ಊಟದ ಈ ವ್ಯತ್ಯಾಸವನ್ನು ಬಡತನ-ಸಿರಿತನಗಳ ವ್ಯತ್ಯಾಸವೆಂದು ಜನ ಎಣಿಸಿದ್ದರು. ಪಟ್ಟಣಕ್ಕೆ ಬಂದವನು ಮೊದಲು ಬಿಟ್ಟದ್ದು ಮುದ್ದೆಯನ್ನು. ಹಿಡಿದದ್ದು ಬಿಳಿಯ ಅನ್ನವನ್ನು. ಎಲುಬಿನ ಲೆಕ್ಕ ಬೇರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಸಿಕ್ಕುವುದೇ ಕಷ್ಟ. ವಯಸ್ಕನಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ನಿಗದಿಪಡಿಸಿದೆ. 150 ಗ್ರಾಂ ಹಿಟ್ಟಿನ ಮುದ್ದೆಯಿಂದ ಅದರ ಅರ್ಧ, ಎರಡು ಲೋಟ ಹಾಲು-ಮಜ್ಜಿಗೆ-ಮೊಸರುಗಳಿಂದ ಉಳಿದರ್ಧದ ಬಹುಪಾಲು ಬಂದುಬಿಡುತ್ತದೆ. ಇಷ್ಟು ಉಣ್ಣುವವನು ಸುಣ್ಣದ ಮಾತ್ರೆಯನ್ನೂ ನುಂಗುವುದು ಹಣದ ದುಂದು ಮಾತ್ರವಲ್ಲ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಪ್ರಕೃತಿಯವನಾದರೆ ಅಪಾಯವೂ ಹೌದು.

ರಾಗಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳುಂಟು. ಅದರಲ್ಲಿರುವ ಸುಣ್ಣವೆಲ್ಲವೂ ರಕ್ತಕ್ಕೆ ಸೇರುವುದಿಲ್ಲ. ಕಾಳಿನಲ್ಲಿಯೇ ಇರುವ ಕೆಲವು ಆಮ್ಲಗಳು ಒಂದಿಷ್ಟನ್ನು ಹಿಡಿದುಕೊಳ್ಳುತ್ತವೆ. ರಾಗಿಯನ್ನು ನೆನೆಹಾಕಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಆ ಹಿಡಿತ ಸಡಿಲಾಗುತ್ತದೆ. ಹಸುಗೂಸುಗಳಿಗೆಂದು ಅಜ್ಜಿಯರು ಮಾಡುತ್ತಿದ್ದ ಹಿಟ್ಟು ಅಜ್ಜನಿಗೂ ಆಗಿಬರುವುದು ಇದರಿಂದಲೇ. ಎರಡನೆಯದು ಸಕ್ಕರೆ ಕಾಯಿಲೆಯವರಿಗೆ ಸಂಬಂಧಿಸಿದ್ದು. ರಾಗಿ ಉಂಡರೆ ಸಕ್ಕರೆ ಏರದೆಂಬ ನಂಬಿಕೆ ಊರೆಲ್ಲ ಹಬ್ಬಿದೆ. ಅದು ಸಲ್ಲದು. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಸಕ್ಕರೆಯನ್ನು ಬೇಗನೆ ಏರಿಸಬಲ್ಲುದು. ಕಾಳಿನ ಸಾರು, ಸೊಪ್ಪಿನ ಬಸ್ಸಾರುಗಳೊಡನೆ ಅಳತೆಯ ಮುದ್ದೆ ಉಣ್ಣುವುದು ಬೇರೆ, ಲೋಟಗಟ್ಟಲೆ ರಾಗಿ ಮಾಲ್ಟ್ ಕುಡಿಯುವುದು ಬೇರೆ.

ರಾಗಿಗೆ ಇಂದು ಬಂದಿರುವ ಮರ್ಯಾದೆಯ ಹಿಂದೆ ಮೈಸೂರು ಸೀಮೆಯವರ ದುಡಿಮೆಯಿದೆ. ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ವಿಜ್ಞಾನಿಯು ಮಂಡ್ಯದ ವಿ. ಸಿ. ಫಾರಂನಲ್ಲಿ ಭಾರತದ ತಳಿಗಳಿಗೆ ಆಫ್ರಿಕದ ತಳಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಹೊರತಂದರು. ಇತ್ತ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ 1950ರಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಕಡಲೆಕಾಯಿಯ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ, ಜೀವಸತ್ವಗಳನ್ನೂ ಸುಣ್ಣವನ್ನೂ ಕೂಡಿಸಿ, ಅಗ್ಗವಾದ ಪೌಷ್ಟಿಕ ಪುಡಿಯೊಂದನ್ನು ಸಿದ್ಧಪಡಿಸಿತ್ತು. ಈಗ ಸಾವಿರಾರು ರೂಪಾಯಿ ತೆತ್ತು ತರುವ ಪ್ರೋಟೀನ್ ಡಬ್ಬದ ಬಡ ಅಣ್ಣನೆಂದು ಅದನ್ನು ಕರೆಯಬಹುದು.

ಈ ಪ್ರೋಟೀನಿನ ಮಾತು ವಿಚಾರಕ್ಕೆ ಯೋಗ್ಯವಾದುದು. ಅರವತ್ತರ ಮೇಲೆ ಗಂಡಸಿನ ಮಾಂಸಖಂಡಗಳು ವರ್ಷ ವರ್ಷಕ್ಕೂ ಕರಗುತ್ತವೆ. ತೂಕ ಇಳಿಯದಿದ್ದರೂ ತೋಳು ತೊಡೆಗಳು ಸಣ್ಣಗಾಗಿ ಹೊಟ್ಟೆ ಮುಂದೆ ಬರುವುದರಿಂದ ಮನೆಯವರಿಗೆ ಇದು ತಿಳಿಯುವುದಿಲ್ಲ. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದಾಗ ತಿಳಿಯುತ್ತದೆ. ವೃದ್ಧರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ 1 ಗ್ರಾಂಗೆ ಕಡಮೆಯಿಲ್ಲದಷ್ಟು ಪ್ರೋಟೀನ್ ಇರಲೆಂದು ಈ ವಿಷಯದ ತಜ್ಞರು ಹೇಳುತ್ತಾರೆ. 60 ಕಿಲೋ ತೂಗುವವನಿಗೆ 60 ಗ್ರಾಂ ಎಂದಾಯಿತು. 150 ಗ್ರಾಂ ರಾಗಿಯಿಂದ 10, 100 ಗ್ರಾಂ ಅಕ್ಕಿಯಿಂದ 8, 60 ಗ್ರಾಂ ಹುರುಳಿ ಅಥವಾ ಅವರೆಯಿಂದ 13, ಎರಡು ಲೋಟ ಹಾಲು-ಮೊಸರಿನಿಂದ 13, ಒಂದು ಹಿಡಿ ಕಡಲೆಕಾಯಿಯಿಂದ 7 ಗ್ರಾಂ ಬರುತ್ತದೆ. ತಿನ್ನುವವರಾದರೆ ಮೊಟ್ಟೆಯೊಂದರಿಂದ ಇನ್ನಾರು. ಲೆಕ್ಕ ಅರವತ್ತರ ಹತ್ತಿರ ಬಂದು ನಿಲ್ಲುತ್ತದೆ, ಡಬ್ಬವನ್ನು ತೆರೆಯುವ ಮೊದಲೇ. ದನದ ಮೇವೆಂದು ಪೇಟೆಯವರು ಮೂಗು ಮುರಿಯುವ ಹುರುಳಿಯ ಪಾಲು ಇದರಲ್ಲಿ ಎಷ್ಟೆಂಬುದನ್ನು ಗಮನಿಸಬೇಕು.

ಹಾಗಾದರೆ ಹಿರಿಯರು ಸೊರಗುವುದೇಕೆ? ಇದಕ್ಕೆ ಕಾರಣವನ್ನು ಅಡಿಗೆಮನೆಗಿಂತ ಬಾಯಲ್ಲಿ ಹುಡುಕುವುದು ಲೇಸು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಆದುದರಿಂದ ಹಲ್ಲು ಬಿದ್ದವನಿಗೂ ಮುದ್ದೆ ಇಳಿಯುತ್ತದೆ. ಕಾಳು, ಸೊಪ್ಪು, ಮಾಂಸಗಳು ಇಳಿಯುವುದಿಲ್ಲ. ಸಂಕೋಚದಿಂದ ಬಾಯಿ ಬಿಟ್ಟು ಹೇಳದ ಯಜಮಾನರು ಸಾರಿನ ತಿಳಿಯನ್ನು ಮಾತ್ರ ಕಲಸಿಕೊಂಡು, ಕಾಳುಗಳನ್ನು ತಟ್ಟೆಯಂಚಿಗೆ ಸರಿಸಿ, ‘ಹಸಿವಿಲ್ಲ’ ಎಂದು ಏಳುತ್ತಾರೆ. ಮಗನು ಹಸಿವಿನ ಟಾನಿಕ್ ತರುತ್ತಾನೆ. ತರಬೇಕಾದುದು ಹಲ್ಲಿನ ಸೆಟ್ಟು! ಅದು ಕೂರುವವರೆಗೆ ಹಿತಕಿದ ಬೇಳೆಯ ಸಾರು, ಮಸ್ಸೊಪ್ಪು, ಬೆಂದ ಕಾಳನ್ನು ರುಬ್ಬಿ ಮಾಡಿದ ಬಸ್ಸಾರು, ಮೆತ್ತಗಿನ ಮೊಟ್ಟೆ ಇವುಗಳಿಂದ ಕೆಲಸ ಸಾಗುತ್ತದೆ. ಉಂಡ ಪ್ರೋಟೀನು ಮಾಂಸಖಂಡವಾಗಬೇಕಾದರೆ ಕೈಕಾಲುಗಳಿಗೆ ಕೆಲಸವೂ ಬೇಕು. ಊರಿನ ತಮ್ಮ ಎಪ್ಪತ್ತರಲ್ಲಿಯೂ ಹೊಲಕ್ಕೆ ನಡೆಯುತ್ತಾನೆ. ಪಿಂಚಣಿ ಪಡೆಯುವ ಅಣ್ಣ ಆರಾಮಕುರ್ಚಿ ಬಿಟ್ಟೇಳುವುದಿಲ್ಲ. ಇಬ್ಬರ ತಟ್ಟೆ ಒಂದೇ ಆದರೂ ಇಬ್ಬರ ತೊಡೆ ಒಂದೇ ಆಗದು. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಪ್ರೋಟೀನನ್ನು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ತಟ್ಟೆಯಿಂದ ತುಂಬಲಾರದ ಕೊರತೆಯೂ ಒಂದುಂಟು. ಅದು ಬಿ-12 ಜೀವಸತ್ವ. ರಾಗಿ, ಕಾಳು, ಸೊಪ್ಪು, ಹಣ್ಣು ಇವುಗಳಲ್ಲಿ ಅದಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲುಗಳಲ್ಲಿ ಮಾತ್ರ ಉಂಟು. ಸಸ್ಯಾಹಾರಿಗಳ ಮನೆಗಳಲ್ಲಿ ತೆಳುಮಜ್ಜಿಗೆಯೊಂದೇ ಅದರ ಆಧಾರವಾದರೆ ಸಾಲದು. ವಯಸ್ಸಾದಂತೆ ಜಠರದ ಆಮ್ಲ ಕಡಮೆಯಾಗಿ ತಿಂದದ್ದರಿಂದ ಅದನ್ನು ಹೀರುವ ಶಕ್ತಿಯೂ ತಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನೋ ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಯನ್ನೋ ವರ್ಷಗಟ್ಟಲೆ ನುಂಗುವವರಲ್ಲಿ ಕೊರತೆ ಇನ್ನೂ ಹೆಚ್ಚು. ಪಾದಗಳಲ್ಲಿ ಜೋಮು, ಕತ್ತಲೆಯಲ್ಲಿ ತಡವರಿಕೆ, ಮರೆವು, ನಾಲಿಗೆಯ ಉರಿ ಇವು ಅದರ ಗುರುತುಗಳು. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸಮಾಧಾನಪಡುವ ಗುರುತುಗಳೂ ಇವೇ. ನರಗಳು ಬಹಳ ಕಾಲ ಸೊರಗಿದರೆ ಆಮೇಲೆ ಕೊಟ್ಟ ಔಷಧದಿಂದ ಪೂರ್ತಿ ಚೇತರಿಸಿಕೊಳ್ಳವು. ರಕ್ತಹೀನತೆಯೆಂದು ಫೋಲಿಕ್ ಆಮ್ಲವನ್ನು ಮಾತ್ರ ಕೊಟ್ಟರೆ ರಕ್ತ ಸುಧಾರಿಸಿ, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ರಕ್ತ ಪರೀಕ್ಷೆ ಮಾಡಿಸಿ ಬಿ-12 ಮಾತ್ರೆ ಅಥವಾ ಸೂಜಿಮದ್ದು ಪಡೆಯುವುದು ಇಲ್ಲಿ ದುಂದಲ್ಲ. ಮೇಜಿನ ಮೇಲಿನ ಡಬ್ಬಗಳಲ್ಲಿ ನಿಜವಾದ ಕೆಲಸ ಮಾಡಬಲ್ಲುದು ಇದೊಂದೇ ಆಗಿದ್ದರೂ ಆಶ್ಚರ್ಯವಿಲ್ಲ.

ಕಬ್ಬಿಣದ ಟಾನಿಕ್ ವಿಷಯದಲ್ಲಿ ಮಾತು ಬೇರೆ. ಹೆಂಗಸರಿಗೆ ಸಹಜವಾಗಿ ಬರಬಹುದಾದ ಕಬ್ಬಿಣದ ಕೊರತೆ ಅರವತ್ತರ ಗಂಡಸಿಗೆ ಕಾರಣವಿಲ್ಲದೆ ಬರುವುದು ಅಪರೂಪ. ಜಠರದ ಹುಣ್ಣು, ಮೂಲವ್ಯಾಧಿ, ಕರುಳಿನ ಗಂತಿ ಇವುಗಳಿಂದ ರಕ್ತ ಕಣ್ಣಿಗೆ ಕಾಣದಂತೆ ಸೋರುತ್ತಿರಬಹುದು. ಮುಖ ಬಿಳಿಚಿದೆಯೆಂದು ಅಂಗಡಿಯಿಂದಲೇ ಟಾನಿಕ್ ತಂದು ಕುಡಿಸಿದರೆ ಬಣ್ಣ ತಿರುಗುತ್ತದೆ, ಆರು ತಿಂಗಳು ಕಳೆಯುತ್ತದೆ, ಸಕಾಲದಲ್ಲಿ ಕತ್ತರಿಸಿ ತೆಗೆಯಬಹುದಾಗಿದ್ದ ಗಂತಿ ಬೆಳೆದಿರುತ್ತದೆ.

ಬಿಸಿಲಿನ ಜೀವಸತ್ವವಾದ ‘ಡಿ’ಯ ಹುಚ್ಚು ಈಚಿನದು. ಹೆಗ್ಗಡದೇವನಕೋಟೆಯ ಹೊಲದಲ್ಲಿ ದಿನವಿಡೀ ನಿಲ್ಲುವವನಿಗೆ ಬಿಸಿಲಿನ ಬರವಿಲ್ಲ. ಪೇಟೆಯ ಮನೆಯೊಳಗಿರುವವರಲ್ಲಿ ಕೊರತೆ ಉಂಟಾಗಬಹುದು. ಆದರೆ ಕೊರತೆಯಿಲ್ಲದವರಿಗೆ ಅದರಿಂದ ಎಲುಬು ಗಟ್ಟಿಯಾಗುವುದೇ? ಅಮೆರಿಕದಲ್ಲಿ 25,871 ಮಂದಿಯನ್ನು ಒಳಗೊಂಡು ನಡೆದ ಪರೀಕ್ಷೆಯಲ್ಲಿ, ದಿನಕ್ಕೆ 2000 ಯೂನಿಟ್ ಸೇವಿಸಿದವರಿಗೂ ಸೇವಿಸದವರಿಗೂ ಎಲುಬು ಮುರಿತದಲ್ಲಿ ವ್ಯತ್ಯಾಸವೇ ಕಾಣಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ವೈದ್ಯರು ವಾರಕ್ಕೊಂದರಂತೆ ಕೆಲವು ವಾರಗಳಿಗೆಂದು ಬರೆದುಕೊಡುವ 60,000 ಯೂನಿಟ್ಟಿನ ಪೊಟ್ಟಣವನ್ನು, ಚೀಟಿ ಹಳೆಯದಾದರೂ ಬಿಡದೆ, ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಇದರಿಂದ ರಕ್ತದಲ್ಲಿ ಸುಣ್ಣ ಮಿತಿಮೀರಿ ವಾಕರಿಕೆ, ಮಲಬದ್ಧತೆ, ಮಂಕು ಕವಿದು, ಮೂತ್ರಪಿಂಡಗಳೂ ಕೆಡಬಹುದು.

ಹುಣಸೂರು, ಪಿರಿಯಾಪಟ್ಟಣಗಳ ಹೆಸರು ಬಂದ ಮೇಲೆ ಹೊಗೆಸೊಪ್ಪಿನ ಮಾತು ಬಾರದಿರುವುದಿಲ್ಲ. ಸಿಗರೇಟಿನ ಹೊಗೆಸೊಪ್ಪು ಬೆಳೆಯುವ ರಾಜ್ಯದ ಮುಖ್ಯ ಸೀಮೆ ಅದು. ಸೊಪ್ಪನ್ನು ಹದಮಾಡುವ ಬ್ಯಾರನ್‌ಗಳನ್ನು ಆ ದಾರಿಯಲ್ಲಿ ಪಯಣಿಸಿದವರೆಲ್ಲ ಕಂಡಿರುತ್ತಾರೆ. ಬೆಳೆಯುವವರೆಲ್ಲ ಸೇದುತ್ತಾರೆಂದಲ್ಲ, ಪಟ್ಟಣದಲ್ಲಿ ಸೇದುವವರಿಗೂ ಕೊರತೆಯಿಲ್ಲ. ಸೇದುವ ಹಿರಿಯನು ತನ್ನ ಚಟಕ್ಕೆ ಪರಿಹಾರವೆಂದು ‘ಆಂಟಿಆಕ್ಸಿಡೆಂಟ್’ ಗುಳಿಗೆ ನುಂಗುವುದುಂಟು. ಫಿನ್‌ಲ್ಯಾಂಡ್ ದೇಶದಲ್ಲಿ 50ರಿಂದ 69 ವಯಸ್ಸಿನ, ಸಿಗರೇಟು ಸೇದುವ 29,133 ಗಂಡಸರ ಮೇಲೆ ಇದೇ ಆಶಯದಿಂದ ಪರೀಕ್ಷೆ ನಡೆಯಿತು. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕೆರೋಟಿನನ್ನು ಮಾತ್ರೆಯಾಗಿ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರು ಕಡಮೆಯಾದೀತೆಂದು ಎಲ್ಲರೂ ನಿರೀಕ್ಷಿಸಿದ್ದರು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ನುಂಗಿದವರಲ್ಲಿ ಆ ಕ್ಯಾನ್ಸರು ನೂರಕ್ಕೆ 18ರಷ್ಟು ಹೆಚ್ಚಾಗಿತ್ತು! ಎರಡು ವರ್ಷಗಳ ಅನಂತರ ಅಮೆರಿಕದ ಮತ್ತೊಂದು ಪರೀಕ್ಷೆಯೂ ಇದನ್ನೇ ಹೇಳಿತು. ಗಜ್ಜರಿಯನ್ನು ತಿನ್ನಲು ಅಡ್ಡಿಯಿಲ್ಲ. ದೋಷ ಮಾತ್ರೆಯ ಭಾರಿ ಪ್ರಮಾಣದಲ್ಲಿ. ಕಣ್ಣಿನ ಶಕ್ತಿಗೆಂದು ಮಾರುವ ಗುಳಿಗೆಗಳಲ್ಲಿಯೂ ಈ ವಸ್ತು ಇರಬಹುದಾದುದರಿಂದ ಬೀಡಿ ಸಿಗರೇಟು ಸೇದುವವರು ಚೀಟಿಯನ್ನು ಓದಿಯೇ ಕೊಳ್ಳಬೇಕು. ‘ಇ’ ಜೀವಸತ್ವದ ಕಥೆಯೂ ಇಂಥದೇ. 35,000ಕ್ಕೂ ಮಿಕ್ಕ ಗಂಡಸರ ಪರೀಕ್ಷೆಯಲ್ಲಿ, ದಿನಕ್ಕೆ 400 ಯೂನಿಟ್ ಸೇವಿಸಿದವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ನೂರಕ್ಕೆ 17ರಷ್ಟು ಹೆಚ್ಚಿದ್ದುದು 2011ರಲ್ಲಿ ಬಯಲಾಯಿತು. ನ್ಯಾಯಕ್ಕಾಗಿ ಇನ್ನೊಂದನ್ನೂ ಹೇಳಬೇಕು: ಸಾಮಾನ್ಯ ಪ್ರಮಾಣದ ಬಹುಜೀವಸತ್ವದ ಮಾತ್ರೆಯನ್ನು ಸುಮಾರು ಹನ್ನೊಂದು ವರ್ಷ ನುಂಗಿದ ಅಮೆರಿಕದ ವೈದ್ಯರಲ್ಲಿ ಒಟ್ಟು ಕ್ಯಾನ್ಸರು ನೂರಕ್ಕೆ 8ರಷ್ಟು ಕಡಮೆಯಾಯಿತೆಂದು 2012ರಲ್ಲಿ ವರದಿಯಾಯಿತು, ಹೃದ್ರೋಗದಲ್ಲಿ ಮಾತ್ರ ಏನೂ ವ್ಯತ್ಯಾಸವಾಗಲಿಲ್ಲ.

ರಾತ್ರಿ ಮೂರು ನಾಲ್ಕು ಬಾರಿ ಎದ್ದು ಬಚ್ಚಲಿಗೆ ಹೋಗಬೇಕಾದ ಹಿರಿಯರಿಗೆ ‘ಸಾ ಪಾಮೆಟ್ಟೊ’ ಎಂಬ ಅಮೆರಿಕದ ಕುರುಚಲು ತಾಳೆಯ ಹಣ್ಣಿನ ಸಾರವನ್ನು ಮಾರುತ್ತಾರೆ. ವಾಡಿಕೆಯ ಮೂರು ಪಟ್ಟು ಕೊಟ್ಟು ನೋಡಿದರೂ ಅದು ಹುಸಿಮಾತ್ರೆಗಿಂತ ಮೇಲಾಗಲಿಲ್ಲವೆಂದು 2011ರ ಪರೀಕ್ಷೆಯಲ್ಲಿ ಕಂಡುಬಂತು. ರಾತ್ರಿಯ ತೊಂದರೆಗೆ ಹೆದರಿ ದಿನವೆಲ್ಲ ನೀರು ಬಿಡುವುದೂ ತಪ್ಪು. ಮಲಬದ್ಧತೆಯೂ ತಲೆಸುತ್ತೂ ಅದರಿಂದ ಬರುತ್ತವೆ. ಸಂಜೆಯ ಮೇಲೆ ಕಾಫಿಯನ್ನು ನಿಲ್ಲಿಸಿ, ನೀರನ್ನು ಹಗಲಿಗೆ ಹಂಚಿಕೊಂಡು, ವೈದ್ಯರಿಗೆ ತೋರಿಸುವುದು ಸರಿಯಾದ ಕ್ರಮ.

ಇನ್ನು ಗಂಡಸರು ಯಾರಿಗೂ ಹೇಳದೆ ಅಂಚೆಯಲ್ಲಿ ತರಿಸುವ ಪುಡಿಗಳಿವೆ. ‘ಪುರುಷ ಶಕ್ತಿ’ಗೆಂದು, ಕೇವಲ ಗಿಡಮೂಲಿಕೆಯೆಂದು ಮಾರಿದ ಇಂಥ ಪದಾರ್ಥಗಳಲ್ಲಿ ಸಿಲ್ಡೆನಾಫಿಲ್ ಎಂಬ ಔಷಧವನ್ನು ಗುಟ್ಟಾಗಿ ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯನ್ನು ಬಳಸುವವರು ಇದನ್ನು ಸೇವಿಸಿದರೆ ರಕ್ತದೊತ್ತಡ ಹಠಾತ್ತನೆ ಕುಸಿದು ಪ್ರಾಣಕ್ಕೆ ಎರವಾಗಬಲ್ಲುದು. ಆಸ್ಪತ್ರೆಗೆ ಒಯ್ದಾಗ ಏನು ತಿಂದರೆಂದು ಹೆಂಡತಿಗೂ ತಿಳಿದಿರುವುದಿಲ್ಲ. ನಾಚಿಕೆಯಿಂದ ರೋಗಿಯೂ ಹೇಳುವುದಿಲ್ಲ. ಈ ವಯಸ್ಸಿನಲ್ಲಿ ಅಂಥ ಶಕ್ತಿ ಕುಗ್ಗುವುದು ಅನೇಕ ವೇಳೆ ಸಕ್ಕರೆ ಕಾಯಿಲೆಯ ಅಥವಾ ಹೃದಯದ ರಕ್ತನಾಳಗಳ ಬೇನೆಯ ಮೊದಲ ಸೂಚನೆಯಾಗಿರುವುದರಿಂದ, ವೈದ್ಯರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರೆ ಲಾಭವೇ ಹೆಚ್ಚು.

ಭಾರತದಲ್ಲಿ ಪೂರಕ ಆಹಾರಗಳ ನಿಯಮಗಳನ್ನು 2016ರಲ್ಲಿ ಹೊರಡಿಸಲಾಯಿತು. ಅವುಗಳ ಪ್ರಕಾರ ಡಬ್ಬದ ಮೇಲೆ ‘ಔಷಧವಾಗಿ ಬಳಸತಕ್ಕದ್ದಲ್ಲ’ ಎಂಬರ್ಥದ ಸೂಚನೆ ಇರಬೇಕು. ಓದುವ ಕನ್ನಡಕ ಹಾಕಿಕೊಂಡು ಹುಡುಕಿದರೆ ಮೂಲೆಯಲ್ಲೆಲ್ಲೋ ಸಿಕ್ಕುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ಸೇವಿಸುವವರು, ಕಣ್ಣಿನದೋ ಹರ್ನಿಯದೋ ಶಸ್ತ್ರಕ್ರಿಯೆಗೆ ದಿನ ಗೊತ್ತುಮಾಡಿಕೊಂಡವರು, ಮೀನೆಣ್ಣೆ, ‘ಇ’ ಜೀವಸತ್ವ, ಲೇಹ್ಯ, ಪುಡಿ ಯಾವುದನ್ನೂ ಬಿಡದೆ ಎಲ್ಲ ಡಬ್ಬಗಳನ್ನೂ ಒಂದು ಕೈಚೀಲದಲ್ಲಿ ತುಂಬಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಬೇಕು. ಹೆಸರು ನೆನಪಿಲ್ಲದಿದ್ದರೆ ಚಿಂತೆಯಿಲ್ಲ; ಡಬ್ಬಗಳನ್ನು ನೋಡಿಯೇ ಅವರು ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ಹೇಳುತ್ತಾರೆ.