ಸಾಕುಪ್ರಾಣಿಗಳ ಆರೈಕೆ: ನಾಯಿಗೆ ಪಾದರಕ್ಷೆ

ನಾಯಿಗೂ ಪಾದರಕ್ಷೆಯೇ ಎಂದು ನಗುವವರು ನಮ್ಮಲ್ಲಿ ಬಹುಮಂದಿ ಉಂಟು. ಅಂಗಾಲಿಗೆ ದಪ್ಪನಾದ ಮೆತ್ತೆಗಳನ್ನು ಪ್ರಕೃತಿಯೇ ಕೊಟ್ಟಿರುವಾಗ ಈ ಆಡಂಬರವೇಕೆಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಬೆಳಗಿನ ಹೊತ್ತು ಮಣ್ಣಿನ ಮೇಲೆ, ಹುಲ್ಲಿನ ಮೇಲೆ ನಡೆದಾಡುವ ಆರೋಗ್ಯವಂತ ನಾಯಿಗೆ ಯಾವ ಪಾದರಕ್ಷೆಯೂ ಬೇಕಾಗಿಲ್ಲ. ಆದರೆ ಪ್ರಕೃತಿಯು ಆ ಮೆತ್ತೆಗಳನ್ನು ರೂಪಿಸಿದುದು ಕಾದ ಡಾಂಬರಿಗಾಗಿ ಅಲ್ಲ; ಒಡೆದ ಗಾಜಿಗಾಗಿಯೂ ಅಲ್ಲ. ಅವೆರಡನ್ನೂ ಬೀದಿಗೆ ತಂದವರು ನಾವು. ಆದುದರಿಂದ ಅವುಗಳಿಂದ ನಾಯಿಯನ್ನು ಕಾಪಾಡುವ ಹೊಣೆಯೂ ನಮ್ಮದೇ.

ಅನ್ಯದೇಶಗಳಲ್ಲಿ ಇದನ್ನು ಯಾರೂ ಶೋಕಿಯೆಂದು ಎಣಿಸುವುದಿಲ್ಲ. ಅಲಾಸ್ಕದಲ್ಲಿ 1973ರಿಂದ ನಡೆದುಬಂದಿರುವ ಇಡಿಟರಾಡ್ ಎಂಬ ಪಂದ್ಯದಲ್ಲಿ ನಾಯಿಗಳು ಹಿಮಬಂಡಿಯನ್ನೆಳೆದುಕೊಂಡು ಸುಮಾರು 1000 ಮೈಲಿ ಓಡುತ್ತವೆ. ಗರಗಸದಂತಹ ಹಿಮವು ಬೆರಳುಗಳ ನಡುವೆ ಉಂಡೆಗಟ್ಟಿ ಚರ್ಮವನ್ನು ಸೀಳದಿರಲೆಂದು ಪ್ರತಿ ನಾಯಿಗೆ 8 ಬಟ್ಟೆಯ ಪಾದಚೀಲಗಳಿರಬೇಕೆಂಬುದು ಅಲ್ಲಿಯ ನಿಯಮ. ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದ ಪೊಲೀಸರು 2008ರಲ್ಲಿ ಬೀದಿಯ ಗಾಜಿನ ಚೂರುಗಳಿಗೆ ಅಂಜಿ ತಮ್ಮ ನಾಯಿಗಳಿಗೆ ಪಾದರಕ್ಷೆಗಳನ್ನು ತೊಡಿಸಿದರು. 2018ರ ಬೇಸಗೆಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪೊಲೀಸರು ಕಾದ ರಸ್ತೆಯ ವಿಷಯದಲ್ಲಿ ನಾಯಿ ಸಾಕಿದವರನ್ನು ಎಚ್ಚರಿಸಿ, ಪಾದರಕ್ಷೆಗಳನ್ನು ತೊಡಿಸಲು ಸಲಹೆಯಿತ್ತರು. ಸ್ವಿಟ್ಜರ್ಲೆಂಡಿಗೇ ಇದು ಬೇಕಾದರೆ, ಕಲಬುರಗಿ, ರಾಯಚೂರು, ಬಳ್ಳಾರಿಗಳ ವೈಶಾಖದ ಬಿಸಿಲಿಗೆ ಏನು ಹೇಳೋಣ!

ಗಾಳಿಯ ಉಷ್ಣತೆಯು 35 ಡಿಗ್ರಿಯಿರುವ ಮಧ್ಯಾಹ್ನದಲ್ಲಿ ಡಾಂಬರಿನ ಉಷ್ಣತೆಯು 55 ಡಿಗ್ರಿಯನ್ನು ದಾಟುವುದುಂಟು. ಇದನ್ನು ಅರಿಯಲು ಯಂತ್ರ ಬೇಡ. ನಿಮ್ಮ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸಿರಿ. ಅಷ್ಟರೊಳಗೆ ಕೈಯನ್ನು ಎಳೆದುಕೊಳ್ಳಬೇಕೆನಿಸಿದರೆ ಆ ರಸ್ತೆಯು ನಾಯಿಗೆ ತಕ್ಕುದಲ್ಲ. ನಡೆಯಲೊಲ್ಲದೆ ಕುಳಿತ ನಾಯಿಯನ್ನು ಹಟಮಾರಿಯೆಂದು ಬೈದು ಹಗ್ಗ ಹಿಡಿದು ಎಳೆಯುವುದನ್ನು ಬೀದಿಯಲ್ಲಿ ಕಾಣುತ್ತೇವೆ. ಆ ಮೂಕಪ್ರಾಣಿಯು ತನಗೆ ತಿಳಿದ ಒಂದೇ ರೀತಿಯಲ್ಲಿ ತನ್ನ ನೋವನ್ನು ಹೇಳುತ್ತಿರಬಹುದು. ಬೈಯುವ ಮುನ್ನ ಪಾದವನ್ನೆತ್ತಿ ನೋಡತಕ್ಕದ್ದು.

ಇನ್ನು ಆರಿಸುವ ಬಗೆ. ಅಳತೆಯಿಲ್ಲದೆ ಕೊಂಡುಕೊಳ್ಳುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಮೊದಲು ಉಗುರುಗಳನ್ನು ಕತ್ತರಿಸಿರಿ. ನಾಯಿಯನ್ನು ಒಂದು ಕಾಗದದ ಮೇಲೆ ನಿಲ್ಲಿಸಿ, ಅಳೆಯುವ ಪಾದದ ಜೊತೆಯ ಇನ್ನೊಂದು ಪಾದವನ್ನು ಮೆಲ್ಲಗೆ ಎತ್ತಿಹಿಡಿಯಿರಿ. ಆಗ ಭಾರವೆಲ್ಲವೂ ಕೆಳಗಿನ ಪಾದದ ಮೇಲೆ ಬಿದ್ದು ಅದು ಅಗಲವಾಗಿ ಹರಡುವುದು. ಅತ್ಯಂತ ಅಗಲವಾದ ಎಡೆಯಲ್ಲಿ ಎರಡೂ ಕಡೆ ಗುರುತು ಹಾಕಿರಿ. ದೊಡ್ಡ ಮೆತ್ತೆಯ ಹಿಂಬದಿಯಿಂದ ಉಗುರಿನ ತುದಿಯವರೆಗೆ ಉದ್ದವನ್ನು ಗುರುತಿಸಿರಿ. ನಾಯಿಯ ಭಾರದ ಹೆಚ್ಚಿನ ಪಾಲನ್ನು ಹೊರುವುವು ಮುಂಗಾಲುಗಳು. ಸಾಮಾನ್ಯವಾಗಿ ಅವುಗಳ ಪಾದವು ಹಿಂಗಾಲಿನದಕ್ಕಿಂತ ಅಗಲ. ಆದುದರಿಂದ ಎರಡನ್ನೂ ಬೇರೆ ಬೇರೆಯಾಗಿ ಅಳೆಯತಕ್ಕದ್ದು. ಉದ್ದಕ್ಕಿಂತಲೂ ಅಗಲವು ಸರಿಹೊಂದುವುದು ಮುಖ್ಯ.

ಅಟ್ಟೆಯು ಕೈಯಿಂದ ಬಾಗಿಸಿದರೆ ಬಾಗುವಂತಿರಬೇಕು. ನಾಯಿಯು ಬೆರಳುಗಳ ಮೇಲೆ ನಡೆಯುವ ಪ್ರಾಣಿ, ಗಡುಸಾದ ಅಟ್ಟೆಯಲ್ಲಿ ಅದರ ನಡಿಗೆಯೇ ಕೆಡುವುದು. ಕೆಳಗೆ ಜಾರದ ಗೀರುಗಳಿರಬೇಕು. ಮೇಲಿನ ಬಟ್ಟೆಯು ಗಾಳಿಯಾಡುವಂತಹದಾಗಿರಬೇಕು, ಏಕೆಂದರೆ ನಾಯಿಯು ಬೆವರುವುದು ಮುಖ್ಯವಾಗಿ ಅಂಗಾಲುಗಳಲ್ಲಿಯೇ. ಬಲೂನಿನಂತಹ ತೆಳು ರಬ್ಬರಿನ ಚೀಲಗಳು ಕೆಸರನ್ನು ತಡೆದಾವು. ಕಾದ ನೆಲವನ್ನು ತಡೆಯಲಾರವು. ಬಿಸಿಲಿಗೆ ದಪ್ಪ ಅಟ್ಟೆ ಬೇಕು. ಗಾಯಕ್ಕೆ ಕಟ್ಟಿದ ಪಟ್ಟಿಯು ಮನೆಯೊಳಗೆ ಕೊಳೆಯಾಗದಿರಲೆಂದಾದರೆ, ಗೃಹಿಣಿಯು ದಪ್ಪ ಬಟ್ಟೆಯಲ್ಲಿ ತಾನೇ ಹೊಲಿದ ಚೀಲವು ಸಾಕು. ಆದರೆ ಹೊಲಿಗೆಯ ಅಂಚು ಹೊರಗೆ ಬರಲಿ. ಒಳಗಿದ್ದರೆ ಬೆರಳನ್ನು ಉಜ್ಜುವುದು.

ತೊಡಿಸುವಾಗ ಬೆರಳುಗಳ ನಡುವೆ ಕಲ್ಲು, ಮುಳ್ಳು ಇಲ್ಲವೆಂದು ನೋಡಿಕೊಳ್ಳಿರಿ. ಪಾದವು ತುದಿಯವರೆಗೆ ಸೇರಿದ ಮೇಲೆ, ಕಾಲಿನ ಸಣ್ಣನೆಯ ಭಾಗದಲ್ಲಿ ಪಟ್ಟಿಯನ್ನು ಬಿಗಿಯಿರಿ. ಪಟ್ಟಿಯ ಕೆಳಗೆ ನಿಮ್ಮ ಕಿರುಬೆರಳು ತೂರುವಷ್ಟು ಸಡಿಲವಿರಲಿ. ಸಡಿಲ ಹೆಚ್ಚಾದರೆ ಪಾದರಕ್ಷೆಯು ತಿರುಗಿ ಎಡವಿಸುವುದು; ಬಿಗಿ ಹೆಚ್ಚಾದರೆ ರಕ್ತ ಚಲನೆಗೆ ಅಡ್ಡಿಯಾಗಿ ಪಾದವು ಬಾಯುವುದು. ಕಾಲಿನ ಒಳಬದಿಯ ಹೆಚ್ಚಿನ ಉಗುರು ಪಟ್ಟಿಗೆ ಸಿಕ್ಕದಂತೆ ವಿಶೇಷವಾಗಿ ನೋಡತಕ್ಕದ್ದು.

ಮೊದಲ ದಿನ ನಾಯಿಯು ಕೊಕ್ಕರೆಯಂತೆ ಕಾಲೆತ್ತಿ ಹಾಕುವುದು, ಮಕ್ಕಳು ನಗುವರು. ನೆಲದ ಸ್ಪರ್ಶವು ತಪ್ಪಿದುದೇ ಅದಕ್ಕೆ ಕಾರಣ. ಮೊದಲು ಒಂದೇ ಪಾದಕ್ಕೆ, ಮನೆಯೊಳಗೆ, ಎರಡು ನಿಮಿಷ ತೊಡಿಸಿ ತಿನಿಸು ಕೊಡಿರಿ. ಮರುದಿನ ಎರಡು ಪಾದಗಳಿಗೆ. ಹೀಗೆ ಒಂದು ವಾರದಲ್ಲಿ ನಾಲ್ಕಕ್ಕೂ ರೂಢಿಯಾದೀತು. ಬಲವಂತ ಸಲ್ಲದು. ಹೊಸ ಚಪ್ಪಲಿಯು ನಮ್ಮ ಕಾಲನ್ನು ಕಚ್ಚಿದರೆ ನಾವು ಬಿಸಾಡುತ್ತೇವೆ. ನಾಯಿಗೆ ಆ ಸ್ವಾತಂತ್ರ್ಯವಿಲ್ಲ. ಆದುದರಿಂದ ತಿರುಗಾಟದಿಂದ ಬಂದೊಡನೆ ಪಾದರಕ್ಷೆಗಳನ್ನು ಕಳಚಿ, ಕೆಂಪಾದ ಕಲೆಯಾಗಲಿ ಕೂದಲುದುರಿದ ಎಡೆಯಾಗಲಿ ಉಂಟೇ ಎಂದು ಪರೀಕ್ಷಿಸಿ, ಪಾದಗಳನ್ನು ಒರಸಿ ಒಣಗಿಸಿರಿ. ಅಲಾಸ್ಕದವರೂ ವಿಶ್ರಾಂತಿಯ ವೇಳೆಯಲ್ಲಿ ಪಾದಚೀಲಗಳನ್ನು ತೆಗೆದುಬಿಡುತ್ತಾರೆ.

ಅಂಗಾಲು ಸುಟ್ಟಿದ್ದರೆ ತಣ್ಣೀರನ್ನು ಹರಿಸಿರಿ. ಮಂಜುಗಡ್ಡೆಯನ್ನಿಡಬೇಡಿರಿ, ಎಣ್ಣೆ ಅರಿಸಿನಗಳನ್ನೂ ಹಚ್ಚಬೇಡಿರಿ. ಬೊಬ್ಬೆಯೆದ್ದರೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಪಾದರಕ್ಷೆಯು ಅಂಗಾಲನ್ನು ಕಾಪಾಡೀತೇ ಹೊರತು ದೇಹವನ್ನು ತಂಪಾಗಿಡಲಾರದು. ನಾಯಿಯು ತನ್ನ ಮೈಯ ಬಿಸಿಯನ್ನು ಕಳೆದುಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಸುಡುಬಿಸಿಲಿನಲ್ಲಿ ಅದೂ ಸಾಲದೆ ಬಿಸಿಲುಹೊಡೆತಕ್ಕೆ ತುತ್ತಾಗಿ ಪ್ರಾಣವನ್ನೇ ಬಿಡಬಹುದು. ಪಾದರಕ್ಷೆ ಇದೆಯಲ್ಲವೇ ಎಂದು ನಡುಹಗಲಿನಲ್ಲಿ ಹೊರಟರೆ, ಪಾದ ಉಳಿದು ನಾಯಿ ಉಳಿಯದೆ ಹೋದೀತು. ಸೂರ್ಯೋದಯಕ್ಕೆ ಮುಂಚಿನ ತಂಪಿಗೆ ಸಮನಾದ ಪಾದರಕ್ಷೆಯಿಲ್ಲ, ಅದಕ್ಕೆ ಬೆಲೆಯೂ ಇಲ್ಲ. ಬೇರೆ ದಾರಿಯಿಲ್ಲದಾಗ ಮಾತ್ರ ಅಳೆದು, ಆರಿಸಿ, ತಾಳ್ಮೆಯಿಂದ ತೊಡಿಸಿರಿ.