ಹೆಬ್ಬೆಟ್ಟು ಅವಳದು, ತೀರ್ಮಾನ ಯಾರದು?

"ಎದೆ ತೆಗೀಬೇಕು, ಹೆಬ್ಬೆಟ್ಟು ಒತ್ತು." ಕೂಡ್ಲಿಗಿ, ಕೊಟ್ಟೂರಿನ ಕೂಲಿ ಹೆಣ್ಮಗಳಿಗೆ ಇಷ್ಟೇ ಹೇಳಿದ್ರೆ ಅದನ್ನ ಒಪ್ಪಿಗೆ ಅಂತೀರಾ?

ಗಡ್ಡೆ ಸಣ್ಣದಿದ್ದಾಗ ಅದನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುಳಿಯೋ ಅವಕಾಶ ಅಷ್ಟೇ ಇರುತ್ತೆ ಅಂತ, 20 ವರ್ಷ ಗಮನಿಸಿದ ಅಮೆರಿಕ, ಇಟಲಿಯ ಅಧ್ಯಯನಗಳು 2002ರಲ್ಲೇ ಹೇಳಿವೆ. ಬೇರೆ ದಾರಿಗಳನ್ನೂ ತಿಳಿಸಿಯೇ ಒಪ್ಪಿಗೆ ಪಡೀಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ.

ಆದ್ರೆ ರೇಡಿಯೇಷನ್ ಅಂದ್ರೆ ವಾರಕ್ಕೆ 5 ದಿನದಂತೆ ಹಲವು ವಾರ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯಿಂದ ಬೆಂಗಳೂರಿನ ಕಿದ್ವಾಯಿಗೆ ಹೋದವಳು ಎಲ್ಲಿ ಮಲಗ್ಬೇಕು? ಮನೇಲಿ ಒಲೆ ಹೇಗೆ ಉರೀಬೇಕು? ಬಿಪಿಎಲ್ ಕಾರ್ಡಿಗೆ 5 ಲಕ್ಷದ ಚಿಕಿತ್ಸೆ ಐತಿ ಅಂತಾರೆ. ಕಳಕೊಂಡ ಕೂಲಿ ಅದರಾಗಿಲ್ಲ. ಅದಕ್ಕೇ ಅವಳು "ತೆಗೆದುಬಿಡ್ರಿ ಸಾರ್" ಅಂತಾಳೆ.

ಎರಡೂ ದಾರಿ ಅವಳಿಗೆ ತಿಳಿಯೋ ಮಾತಲ್ಲಿ ಹೇಳಿ. 371(ಜೆ) ದುಡ್ಡಲ್ಲಿ ವಸತಿ, ಕೂಲಿ ಭತ್ಯೆ ಕೊಡಿ. ಆಮೇಲೆ ಹೆಬ್ಬೆಟ್ಟು ಕೇಳಿ.

ಜೈ ಭೀಮ್.