ಪ್ರತಿ ವಿಲನ್‌ಗೂ ಓ ಫೋರ್ಚುನಾ ಯಾಕೆ ಸ್ವಾಮಿ?

ಶುಕ್ರವಾರ ರಾತ್ರಿ ನಾವು ನಾಲ್ಕೈದು ಜನ ಸೇರಿದರೆ ಒಂದು ಆಟ ಆಡ್ತೀವಿ. ಒಬ್ಬ ಯಾವುದಾದರೂ ವಿಡಿಯೋ ಗೇಮಿನ ಪಾತ್ರವನ್ನೋ ದೃಶ್ಯವನ್ನೋ ಹೇಳಬೇಕು. ಉಳಿದವರು ಅದಕ್ಕೆ ಹೊಂದುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಂದು ಕೃತಿಯ ಹೆಸರು ಹೇಳಬೇಕು. ಸೋತವನು ಮುಂದಿನ ವಾರ ಎಲ್ಲರಿಗೂ ಬಿರಿಯಾನಿ ಕೊಡಿಸಬೇಕು. ಕೇಳೋಕೆ ಭಾರೀ ಬುದ್ಧಿವಂತರ ಆಟ. ಆದರೆ ಮೊನ್ನೆ ನಡೆದದ್ದು ಇಷ್ಟು:

"ಫೈನಲ್ ಫ್ಯಾಂಟಸಿಯ ಸೆಫಿರೋತ್?"

"ಓ ಫೋರ್ಚುನಾ!"

"ಗಾಡ್ ಆಫ್ ವಾರ್‌ನ ಕ್ರೇಟೋಸ್?"

"ಓ ಫೋರ್ಚುನಾ!"

"ಸ್ಕೈರಿಮ್‌ನಲ್ಲಿ ಡ್ರ್ಯಾಗನ್ ಹಾರಿ ಬರುತ್ತಲ್ಲ, ಅದಕ್ಕೆ?"

ಒಂದು ಕ್ಷಣ ಮೌನ. ಆಮೇಲೆ ಎಲ್ಲರೂ ಒಟ್ಟಿಗೆ, "ಓ ಫೋರ್ಚುನಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವಾಗ ಸಿಟ್ಟು ಬಂತು. ಆ ಸಿಟ್ಟನ್ನೇ ಇಲ್ಲಿ ಬರೀತಿದ್ದೀನಿ.

ನಮ್ಮಲ್ಲಿ ಹೆಚ್ಚಿನವರು ಹೀಗೆ ಜೋಡಿ ಹಚ್ಚುವುದು ಸಂಗೀತ ಕೇಳಿ ಅಲ್ಲ, ಅದರ ಮೇಲಿನ ಚೀಟಿ ಓದಿ. ಅಡುಗೆಮನೆಯ ಡಬ್ಬಿಗಳ ಹಾಗೆ. ಭಯಂಕರಕ್ಕೆ ಓ ಫೋರ್ಚುನಾ, ದುಃಖಕ್ಕೆ ಮೂನ್‌ಲೈಟ್ ಸೊನಾಟಾ, ಸಾವಿಗೆ ಮೊಜಾರ್ಟನ ಲಾಕ್ರಿಮೋಸಾ, ಯುದ್ಧಕ್ಕೆ ವಾಗ್ನರ್. ಡಬ್ಬಿ ತೆಗೆ, ಒಂದು ಚಮಚ ಹಾಕು, ಮುಚ್ಚಿಡು. ಒಳಗೆ ಏನಿದೆ ಅಂತ ಯಾರೂ ನೋಡಲ್ಲ.

ಓ ಫೋರ್ಚುನಾದ ಡಬ್ಬಿಯನ್ನೇ ತೆಗೆದು ನೋಡೋಣ. ಅದು ಕಾರ್ಲ್ ಓರ್ಫ್‌ನ 'ಕಾರ್ಮಿನಾ ಬುರಾನಾ'ದ ಮೊದಲ ಹಾಡು. ಅದರ ಮೊದಲ ಪ್ರದರ್ಶನ ಆದದ್ದು 1937ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ. ಸಾಹಿತ್ಯ ಮಾತ್ರ ಹಳೇದು. 1803ರಲ್ಲಿ ಬವೇರಿಯಾದ ಒಂದು ಮಠದಲ್ಲಿ ಸಿಕ್ಕ ಮಧ್ಯಯುಗದ ಹಸ್ತಪ್ರತಿಯಿಂದ ಆರಿಸಿಕೊಂಡದ್ದು. ಅದರಲ್ಲಿ ಸೈತಾನನೂ ಇಲ್ಲ, ರಾಕ್ಷಸನೂ ಇಲ್ಲ. ಇರುವುದು ಹಣೆಬರಹದ ಮೇಲಿನ ಗೊಣಗಾಟ: ವಿಧಿಯೇ, ನೀನು ಚಂದ್ರನ ಹಾಗೆ ಹಿಗ್ಗುತ್ತೀಯ ಕುಗ್ಗುತ್ತೀಯ, ಚಕ್ರದ ಹಾಗೆ ತಿರುಗುತ್ತೀಯ ಅಂತ. ಆಮೇಲೆ ವಸಂತ ಬರುತ್ತದೆ, ಹೆಂಡದಂಗಡಿ ಬರುತ್ತದೆ, ಹುರಿದು ತಟ್ಟೆಗೆ ಬಂದ ಹಂಸವೊಂದು ತನ್ನ ಪಾಡನ್ನು ತಾನೇ ಹಾಡಿಕೊಳ್ಳುತ್ತದೆ, ಪ್ರೇಮ ಬರುತ್ತದೆ. ಒಂದು ಗಂಟೆ ಇಷ್ಟೆಲ್ಲ ಆದಮೇಲೆ ಕೊನೆಗೆ ಮತ್ತೆ ಅದೇ ಓ ಫೋರ್ಚುನಾ. ಎಲ್ಲಿಂದ ಹೊರಟೆವೋ ಅಲ್ಲಿಗೇ ವಾಪಸ್.

ಈಗ ಹೇಳಿ, ಇದು ಯಾವ ಗೇಮಿಗೆ ಹೊಂದುತ್ತೆ? ಹೇಡೀಸ್‌ಗೆ! 2020ರ ಆ ಗೇಮಿನಲ್ಲಿ ಪಾತಾಳದ ರಾಜಕುಮಾರ ಝಾಗ್ರಿಯಸ್ ಅಪ್ಪನ ಮನೆ ಬಿಟ್ಟು ಓಡಿಹೋಗಲು ನೋಡ್ತಾನೆ. ದಾರಿಯಲ್ಲಿ ಸಾಯ್ತಾನೆ, ಸತ್ತವನು ಅಪ್ಪನ ಮನೆಯ ರಕ್ತದ ಕೊಳದಿಂದ ಎದ್ದು ಬರ್ತಾನೆ, ಮತ್ತೆ ಹೊರಡ್ತಾನೆ. ನಡುವೆ ಪ್ರೇಮವೂ ಉಂಟು, ಹರಟೆಯೂ ಉಂಟು, ತಮಾಷೆಯೂ ಉಂಟು. ಚಕ್ರ ಅಂದರೆ ಅದು. ನಮ್ಮ ಶುಕ್ರವಾರದ ಆಟದಲ್ಲಿ ಇದನ್ನು ಯಾರೂ ಹೇಳಲಿಲ್ಲ, ಯಾಕೆಂದರೆ ಯಾರೂ ಎರಡೂವರೆ ನಿಮಿಷ ದಾಟಿ ಕೇಳಿರಲಿಲ್ಲ.

"ಸೆಫಿರೋತ್‌ಗಾದ್ರೂ ಸರಿ ಹೊಂದುತ್ತಲ್ಲ?" ಅಂತ ನೀವು ಕೇಳಬಹುದು. ಆ ಪ್ರಶ್ನೆಯಲ್ಲಿ ಹುರುಳಿದೆ. 1997ರ ಫೈನಲ್ ಫ್ಯಾಂಟಸಿ 7ರಲ್ಲಿ ಸೆಫಿರೋತ್‌ನ ಕೊನೆಯ ಕಾಳಗಕ್ಕೆ ನೊಬುವೋ ಉಯೆಮಾತ್ಸು ಬರೆದ 'ಒನ್ ವಿಂಗ್ಡ್ ಏಂಜೆಲ್' ಹಾಡಿನ ಲ್ಯಾಟಿನ್ ಪದಗಳು ಕಾರ್ಮಿನಾ ಬುರಾನಾದಿಂದಲೇ ಬಂದವು. ಆದರೆ ಆತ ತಗೊಂಡದ್ದು ಪದಗಳನ್ನ, ಮಟ್ಟನ್ನಲ್ಲ. ಸಂಗೀತಕ್ಕೆ ಆತ ನೆನೆಯುವುದು ಸ್ಟ್ರಾವಿನ್‌ಸ್ಕಿಯನ್ನು ಮತ್ತು ಜಿಮಿ ಹೆಂಡ್ರಿಕ್ಸ್‌ನನ್ನು. ಚಿಕ್ಕಚಿಕ್ಕ ತುಣುಕುಗಳನ್ನು ಬರೆದು, ಆಮೇಲೆ ಅವನ್ನು ಹೊಲಿದು ಆ ಹಾಡು ಮಾಡಿದ. ಅಂದರೆ ಆತ ಡಬ್ಬಿಯೊಳಗೆ ಕೈ ಹಾಕಿ ನೋಡಿದ್ದ. ನಾವು ಆತ ಮಾಡಿದ ಅಡುಗೆಗೆ ವಾಪಸ್ ಡಬ್ಬಿಯ ಚೀಟಿ ಅಂಟಿಸ್ತಿದ್ದೀವಿ.

ಮೂನ್‌ಲೈಟ್ ಸೊನಾಟಾದ ಕತೆ ಇನ್ನೂ ಚೆನ್ನಾಗಿದೆ. ಬೀಥೋವನ್ 1801ರಲ್ಲಿ ಅದನ್ನು ಬರೆದಾಗ ಅದರಲ್ಲಿ ಬೆಳದಿಂಗಳೂ ಇರಲಿಲ್ಲ, ಏನೂ ಇರಲಿಲ್ಲ. ಆತ ಸತ್ತ ಮೇಲೆ ರೆಲ್‌ಶ್ಟಾಬ್ ಅನ್ನುವ ವಿಮರ್ಶಕ ಇದನ್ನು ಲೂಸರ್ನ್ ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದ. ಚೀಟಿ ಅಂಟಿತು. ಅಂದಿನಿಂದ ಅನಾಥ ಹುಡುಗಿ, ಪಾಳುಬಿದ್ದ ಅರಮನೆ, ಮಳೆ ಬರುವ ಕಿಟಕಿ, ಎಲ್ಲಕ್ಕೂ ಇದರ ಮೊದಲ ಭಾಗವೇ ಗತಿ. ಮೂರನೇ ಭಾಗ ಬಿರುಗಾಳಿಯ ಹಾಗೆ ನುಗ್ಗುತ್ತದೆ. ಅದನ್ನು ಕೇಳಿಸಿದರೆ ನಮ್ಮವರು "ಇದ್ಯಾವುದು, ಚೆನ್ನಾಗಿದೆ, ಬಾಸ್ ಫೈಟಿಗೆ ಆಗುತ್ತೆ" ಅಂತಾರೆ. ಅದೂ ಮೂನ್‌ಲೈಟೇ ಕಣ್ರೀ!

ಇದು ಪಾಶ್ಚಾತ್ಯ ಸಂಗೀತದ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಕರ್ನಾಟಕ ಸಂಗೀತದ ಹುಚ್ಚಿರುವ ಗೆಳೆಯನೊಬ್ಬ ಯುದ್ಧದ ಗೇಮಿಗೆ 'ಕದನಕುತೂಹಲ' ರಾಗ ಇಡೋಣ ಅಂದ. ಯಾಕಪ್ಪಾ ಅಂದರೆ ಹೆಸರಿನಲ್ಲೇ ಕದನ ಇದೆಯಲ್ಲ ಅಂದ. ನಮ್ಮ ಮೈಸೂರು ವಾಸುದೇವಾಚಾರ್ಯರ ಗುರು ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಆ ರಾಗದಲ್ಲಿ ಮಾಡಿದ 'ರಘುವಂಶ ಸುಧಾಂಬುಧಿ' ಕೇಳಿ. ಮಕ್ಕಳು ಮೆಟ್ಟಿಲ ಮೇಲೆ ಕುಣಿದು ಇಳಿದ ಹಾಗಿದೆ. ಯಾರ ತಲೆಯೂ ಉರುಳುವುದಿಲ್ಲ.

ಇನ್ನೊಂದು ಪಂಗಡ ಇದೆ. ಇವರು ನಮ್ಮ ಮಾತು ಕೇಳಿ ಖುಷಿಯಾಗಿ, "ಅದಕ್ಕೇ ಹೇಳೋದು, ಬಾಖ್ ಎಲ್ಲಿ, ನಿಮ್ಮ ಗೇಮ್ ಎಲ್ಲಿ, ಎರಡನ್ನೂ ಬೆರೆಸಬೇಡಿ" ಅಂತಾರೆ. ಇವರ ಜೊತೆಗೂ ನನ್ನ ಜಗಳ ಇದೆ. 1983ರಲ್ಲೇ 'ಜೈರಸ್' ಅನ್ನುವ ಆರ್ಕೇಡ್ ಗೇಮಿನಲ್ಲಿ ಬಾಖ್‌ನ ಡಿ ಮೈನರ್ ಟೊಕಾಟಾ ಮೊಳಗುತ್ತಿತ್ತು. 1989ರ ಗೇಮ್‌ಬಾಯ್ ಟೆಟ್ರಿಸ್‌ನಲ್ಲಿ ಮೂರು ಸಂಗೀತಗಳ ಆಯ್ಕೆ ಇತ್ತು, ಅದರಲ್ಲೊಂದು ಬಾಖ್‌ನ ಫ್ರೆಂಚ್ ಸ್ವೀಟ್‌ನ ಮಿನುಯೆಟ್. ಯಾವ ಕಛೇರಿಗೂ ಹೋಗದ ಲಕ್ಷಾಂತರ ಮಕ್ಕಳು ಬಾಖ್‌ನನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ನನಗೆ ಸ್ಯಾಮ್ಯುಯೆಲ್ ಬಾರ್ಬರ್ ಸಿಕ್ಕಿದ್ದೂ ಗೇಮಿನಿಂದಲೇ.

ಅದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ. ಹಾಸ್ಟೆಲಿನಲ್ಲಿ ಮೂರು ಜನ ಹಂಚಿಕೊಂಡ ಒಂದು ಕಂಪ್ಯೂಟರ್, ಅದರಲ್ಲಿ 1999ರ 'ಹೋಮ್‌ವರ್ಲ್ಡ್'. ನಿಮ್ಮ ತಾಯಿ ನೌಕೆ ಒಂದು ಪ್ರಯೋಗಕ್ಕೆ ಹೊರಡುತ್ತದೆ. ವಾಪಸ್ ಬಂದರೆ ನಿಮ್ಮ ಗ್ರಹ ಹೊತ್ತಿ ಉರಿಯುತ್ತಿದೆ. ಬಾರ್ಬರ್‌ನ 'ಅಡಾಜಿಯೋ'ದ ಗಾಯನ ರೂಪ ಶುರುವಾಗುತ್ತದೆ. ತುಂಬಾ ನಿಧಾನ, ಒಂದೊಂದೇ ಮೆಟ್ಟಿಲು ಹತ್ತುವ ಹಾಗೆ. ಆದರೆ ನೀವು ಕೂತು ಅಳೋ ಹಾಗಿಲ್ಲ. ಕಕ್ಷೆಯಲ್ಲಿ ನಿದ್ರಿಸುತ್ತಿರುವ ಜನರಿರುವ ಪೆಟ್ಟಿಗೆಗಳಿವೆ, ಶತ್ರುಗಳು ಅವುಗಳ ಮೇಲೆ ಗುಂಡು ಹಾರಿಸ್ತಿದ್ದಾರೆ, ನೀವು ಅವನ್ನು ಉಳಿಸಬೇಕು. ಕೈ ಮೌಸಿನ ಮೇಲೆ ತಡಬಡಾಯಿಸ್ತಿದೆ. ಕಿವಿಯಲ್ಲಿ ಮಾತ್ರ ಯಾವ ಅವಸರವೂ ಇಲ್ಲದ ಪ್ರಾರ್ಥನೆ. ಕೈಗೂ ಕಿವಿಗೂ ನಡುವಿನ ಆ ಅಂತರದಲ್ಲಿ ನನಗೆ ದುಃಖ ಅಂದರೇನು ಅಂತ ತಿಳೀತು. ಮನೆಯಲ್ಲಿ ಸಾವಾದಾಗ ಗಂಡಸರು ಶಾಮಿಯಾನದವನಿಗೆ ಫೋನ್ ಮಾಡ್ತಾ ಓಡಾಡ್ತಾರಲ್ಲ, ಥೇಟ್ ಹಾಗೆ.

ನನ್ನ ವಾದ ಇಷ್ಟೇ. ಸಿನಿಮಾದಲ್ಲಿ ಸಂಗೀತ ಕಣ್ಣಿಗೆ ಜೋಡಿ. ಗೇಮಿನಲ್ಲಿ ಕೈಗೆ ಜೋಡಿ. ಪಾತ್ರದ ಮುಖ ನೋಡಿ ಸಂಗೀತ ಹುಡುಕಬೇಡಿ, ಆಡುವವನ ಕೈ ಏನು ಮಾಡ್ತಿದೆ ನೋಡಿ ಹುಡುಕಿ.

ಒಳ್ಳೆಯ ಗೇಮ್ ಮಾಡುವವರಿಗೆ ಇದು ಮೊದಲೇ ಗೊತ್ತು. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಅದೇ ಮೂನ್‌ಲೈಟ್ ಇದೆ, ಆದರೆ ಹಿನ್ನೆಲೆ ಸಂಗೀತವಾಗಿ ಅಲ್ಲ. ಬಂಗಲೆಯಲ್ಲೊಂದು ಪಿಯಾನೋ ಇದೆ, ಅದನ್ನು ನುಡಿಸಿದರೆ ಗುಪ್ತ ಬಾಗಿಲು ತೆರೆಯುತ್ತದೆ. ಜಿಲ್ ನುಡಿಸಬಲ್ಲಳು. ಕ್ರಿಸ್‌ಗೆ ಬರಲ್ಲ. ಆತನ ಕತೆಯಲ್ಲಿ ರೆಬೆಕಾ ತಪ್ಪುತಪ್ಪಾಗಿ ಅಭ್ಯಾಸ ಮಾಡ್ತಾಳೆ, ನೀವು ಹೊರಗೆ ಹೋಗಿ ವಾಪಸ್ ಬರಬೇಕು. ಹೊರಗೆ ಸತ್ತವರು ಎದ್ದು ಓಡಾಡ್ತಿದ್ದಾರೆ, ಒಳಗೆ ಒಬ್ಬ ಹುಡುಗಿ ಪಾಠ ಕಲೀತಿದ್ದಾಳೆ. ಬೆಳದಿಂಗಳೂ ಬೇಡ, ಕಣ್ಣೀರೂ ಬೇಡ, ಅದು ಕೆಲಸಕ್ಕೆ ಬಂದ ಸಂಗೀತ.

2007ರ ಬಯೋಶಾಕ್‌ನಲ್ಲಿ ಸ್ಯಾಂಡರ್ ಕೋಹೆನ್ ಅನ್ನುವ ಹುಚ್ಚು ಕಲಾವಿದ ನಿಮ್ಮ ಮೇಲೆ ಕೊಲೆಗಡುಕರನ್ನು ಬಿಡುವಾಗ ಚೈಕೋವ್‌ಸ್ಕಿಯ 'ವಾಲ್ಟ್ಜ್ ಆಫ್ ದ ಫ್ಲವರ್ಸ್' ಹಾಕ್ತಾನೆ. ಹೂಗಳ ನೃತ್ಯ! ಆ ಆಯ್ಕೆ ಗೇಮ್ ಮಾಡಿದವರದ್ದು ಅನ್ನಿಸೋದೇ ಇಲ್ಲ, ಕೋಹೆನ್‌ದೇ ಅನ್ನಿಸುತ್ತದೆ. ಆತನ ಹುಚ್ಚು ಎಂಥದ್ದು ಅಂತ ಆ ಒಂದು ಆಯ್ಕೆ ಹೇಳಿಬಿಡುತ್ತದೆ. 2011ರ ಡಾರ್ಕ್ ಸೋಲ್ಸ್‌ನ ಕೊನೆಯ ಬಾಸ್ ಗ್ವಿನ್‌ಗೆ ಮೊತೊಯಿ ಸಾಕುರಾಬಾ ಕೊಟ್ಟದ್ದು ಒಂದೇ ಒಂದು ಪಿಯಾನೋ. ಗಂಟೆಗಟ್ಟಲೆ ಸತ್ತುಸತ್ತು ಅಲ್ಲಿಗೆ ಮುಟ್ಟಿದವನಿಗೆ ಎದುರಾಗುವುದು ಬೂದಿಯಾದ ಒಬ್ಬ ಮುದುಕ. ಅಲ್ಲಿ ಓ ಫೋರ್ಚುನಾ ಹಾಕಿದ್ದರೆ? ನೆನೆಸಿಕೊಳ್ಳೋಕೂ ಆಗಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಣ ಜೋಡಿ ಅಂದರೆ 2019ರ 'ಅನ್‌ಟೈಟಲ್ಡ್ ಗೂಸ್ ಗೇಮ್'. ಒಂದು ಹಳ್ಳಿ, ಒಂದು ತುಂಟ ಬಾತುಕೋಳಿ, ಅದು ತೋಟದವನ ಬೀಗದ ಕೈ ಕದೀಬೇಕು. ಸಂಗೀತ ದೆಬ್ಯುಸಿಯ ಪಿಯಾನೋ ಪ್ರೆಲ್ಯೂಡ್‌ಗಳದ್ದು. ಡ್ಯಾನ್ ಗೋಲ್ಡಿಂಗ್ ಅವನ್ನು ನೂರಾರು ಚೂರು ಮಾಡಿ, ಬಾತುಕೋಳಿ ಸುಮ್ಮನಿದ್ದರೆ ಮೌನ, ಹೊಂಚು ಹಾಕಿದರೆ ನಾಲ್ಕೇ ಸ್ವರ, ತೋಟದವನು ಅಟ್ಟಿಸಿಕೊಂಡು ಬಂದರೆ ಪೂರ್ತಿ ಗಡಿಬಿಡಿ, ಹೀಗೆ ಜೋಡಿಸಿದ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇಷಧಾರಿಯ ಹೆಜ್ಜೆ ನೋಡಿಕೊಂಡು ಭಾಗವತರು ಪದ ಎಳೀತಾರೆ, ಮೊಟಕುಗೊಳಿಸ್ತಾರೆ, ಚೆಂಡೆ ಕಾಯುತ್ತದೆ. ಸಂಗೀತಕ್ಕೆ ಕಣ್ಣಿರಬೇಕು ಅನ್ನೋದು ನಮ್ಮ ಕರಾವಳಿಯವರಿಗೆ ಹೊಸ ಸುದ್ದಿಯೇನಲ್ಲ.

"ಸರಿ ಮಾರಾಯ, ಒಂದು ಮೋಜಿನ ಆಟಕ್ಕೆ ಇಷ್ಟೆಲ್ಲ ಯಾಕೆ ಕೂಗಾಡ್ತೀಯ?" ಅಂತ ನೀವು ಕೇಳಬಹುದು. ಹೇಳ್ತೀನಿ. ಇಷ್ಟು ಹೊತ್ತು ಬೈದದ್ದು ನನ್ನನ್ನೂ ಸೇರಿಸಿಯೇ.

ಕಾಲೇಜು ಮುಗಿದ ಹೊಸತರಲ್ಲಿ ನಾನು ಗೇಮ್ ದೃಶ್ಯಗಳನ್ನು ಕತ್ತರಿಸಿ ಅವಕ್ಕೆ ಶಾಸ್ತ್ರೀಯ ಸಂಗೀತ ಜೋಡಿಸಿ ವಿಡಿಯೋ ಮಾಡ್ತಿದ್ದೆ. ಒಂದರಲ್ಲಿ ಕತ್ತಿ ಹಿಡಿದ ಅಸ್ಥಿಪಂಜರಕ್ಕೆ ಲಾಕ್ರಿಮೋಸಾ ಹಾಕಿದ್ದೆ. ಎಡಿಟ್ ಮಾಡ್ತಾ ಅದೇ ಹದಿನೈದು ಸೆಕೆಂಡನ್ನು ಇನ್ನೂರು ಸಲವಾದರೂ ಕೇಳಿರಬೇಕು. ವರ್ಷಗಳಾದ ಮೇಲೆ ಬೆಂಗಳೂರಿನಲ್ಲಿ ಹವ್ಯಾಸಿ ಗಾಯಕರ ತಂಡವೊಂದು ಮೊಜಾರ್ಟನ ರಿಕ್ವಿಯಂ ಹಾಡಿತು. ಹೋಗಿದ್ದೆ. ಲಾಕ್ರಿಮೋಸಾ ಬಂತು. ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಕಣ್ಣ ಮುಂದೆ ಮಾತ್ರ ಅದೇ ಅಸ್ಥಿಪಂಜರ ಕತ್ತಿ ಬೀಸ್ತಾ ನಿಂತಿತ್ತು. ಎಷ್ಟು ಓಡಿಸಿದರೂ ಹೋಗಲಿಲ್ಲ. ಮನೆಗೆ ಬಂದು ಓದಿದರೆ, ಮೊಜಾರ್ಟ್ ಲಾಕ್ರಿಮೋಸಾದ ಮೊದಲ ಎಂಟು ಬಾರ್‌ಗಳನ್ನಷ್ಟೇ ಬರೆದಿದ್ದನಂತೆ. 1791ರ ಡಿಸೆಂಬರಿನಲ್ಲಿ ಆತ ತೀರಿಕೊಂಡ. ಉಳಿದದ್ದನ್ನು ಶಿಷ್ಯ ಸ್ಯುಸ್‌ಮಾಯರ್ ಪೂರೈಸಿದ. ಆ ಕೈ ಎಲ್ಲಿ ನಿಂತಿತು, ಇನ್ನೊಬ್ಬನ ಕೈ ಎಲ್ಲಿ ಶುರುವಾಯಿತು ಅಂತ ಕೇಳಿಸಿಕೊಳ್ಳುವ ಅವಕಾಶ ನನಗೂ ಇತ್ತು. ಅದನ್ನು ನಾನೇ ಕಳೆದುಕೊಂಡಿದ್ದೆ. ಆ ಹಾಡು ನನಗೆ ಇನ್ನೂ ಪೂರ್ತಿಯಾಗಿ ವಾಪಸ್ ಸಿಕ್ಕಿಲ್ಲ.

ಅದಕ್ಕೇ ನಮ್ಮ ಆಟಕ್ಕೆ ಹೊಸ ನಿಯಮ ತಂದೆ: ಯಾವ ಕೃತಿ ಹೆಸರಿಸ್ತೀರೋ, ಅದನ್ನು ಎಲ್ಲರೂ ಪೂರ್ತಿ ಕೇಳಬೇಕು. ಗಲಾಟೆ ಆಯಿತು, ಆದರೂ ಒಪ್ಪಿದರು. ಕಳೆದ ಶುಕ್ರವಾರದ ಪ್ರಶ್ನೆ 'ಫ್ಯಾಕ್ಟೋರಿಯೋ'. ನಿರ್ಜನ ಗ್ರಹದಲ್ಲಿ ಒಂದು ಯಂತ್ರ ಇಟ್ಟು, ಅದಕ್ಕೆ ಬೆಲ್ಟ್ ಹಾಕಿ, ಇನ್ನೊಂದು ಯಂತ್ರ ಇಟ್ಟು, ಕೊನೆಗೆ ನೋಡಿದಷ್ಟು ದೂರ ಕಾರ್ಖಾನೆ ಕಟ್ಟುವ ಗೇಮ್. ಒಬ್ಬ ಗ್ರೀಗ್‌ನ 'ಇನ್ ದ ಹಾಲ್ ಆಫ್ ದ ಮೌಂಟನ್ ಕಿಂಗ್' ಅಂದ. ಒತ್ತಡ ಏರ್ತಾ ಹೋಗುತ್ತಲ್ಲ, ಅದಕ್ಕೆ. ನಾನು ರವೆಲ್‌ನ 'ಬೊಲೆರೋ' ಅಂದೆ. ಎರಡಕ್ಕೂ ಡಬ್ಬಿ ಒಂದೇ, ಆದರೆ ಗ್ರೀಗ್‌ನದ್ದು ವೇಗವಾಗ್ತಾ ಓಡುತ್ತದೆ, ಅದು ಟೆಟ್ರಿಸ್‌ಗೆ ಸರಿ. ಬೊಲೆರೋ ಓಡುವುದಿಲ್ಲ. ಅದೇ ತಾಳ, ಅದೇ ಮಟ್ಟು, ಒಂದೊಂದೇ ವಾದ್ಯ ಬಂದು ಸೇರಿಕೊಳ್ಳುತ್ತದೆ ಅಷ್ಟೇ. 1928ರಲ್ಲಿ ಇದನ್ನು ಬರೆದ ರವೆಲ್‌ನ ಮನಸ್ಸಿನಲ್ಲಿ ಇದ್ದದ್ದೂ ಒಂದು ಕಾರ್ಖಾನೆಯೇ.

ಹಾಕಿದೆವು. ಸುಮಾರು ಹದಿನೈದು ನಿಮಿಷ. ಐದನೇ ನಿಮಿಷಕ್ಕೆ ಒಬ್ಬ ಫೋನ್ ತೆಗೆದ. ಎಂಟನೇ ನಿಮಿಷಕ್ಕೆ ಇನ್ನೊಬ್ಬ ಬಾಲ್ಕನಿಗೆ ಹೋದ. ನಾನು ಏನೂ ಅನ್ನಲಿಲ್ಲ. ಹನ್ನೆರಡರ ಹೊತ್ತಿಗೆ ಬಾಲ್ಕನಿಯವನು ಬಾಗಿಲಿಗೆ ಬಂದು ನಿಂತಿದ್ದ. ಕೊನೆಯಲ್ಲಿ ಅಷ್ಟು ಹೊತ್ತು ಒಂದೇ ಶ್ರುತಿಯಲ್ಲಿದ್ದದ್ದು ಇದ್ದಕ್ಕಿದ್ದ ಹಾಗೆ ಜಿಗಿದು ಬೇರೆಲ್ಲೋ ಹೋಯಿತು. ಡ್ರ್ಯಾಗನ್‌ಗೂ ಓ ಫೋರ್ಚುನಾ ಅಂದಿದ್ದ ಮಹಾಶಯ ಫೋನ್ ಕೆಳಗಿಟ್ಟು ತಲೆಯೆತ್ತಿದ.

"ಲೇ, ಈಗ ಏನಾಯ್ತು? ಅಲ್ಲಿ, ಅಲ್ಲಿ ಏನೋ ಆಯ್ತಲ್ಲ. ಹಿಂದಕ್ಕೆ ಹಾಕು."